ಕೂಸಿನ ಮೈಮೇಲೆ ನೀರುಗುಳ್ಳೆ: ‘ಇಬಿ’ ಎಂದರು, ಆದರೆ ಯಾವ ಇಬಿ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಏಳು ತಿಂಗಳು. ಹುಟ್ಟಿದಾಗಲೇ ಬಲಗಾಲಿನ ಮೊಣಕಾಲಿನಿಂದ ಕೆಳಕ್ಕೆ ಚರ್ಮವಿರಲಿಲ್ಲ, ಹಸಿ ಮಾಂಸದಂತೆ ಕೆಂಪಗಿತ್ತು. ಆಮೇಲೆ ಎಲ್ಲಿ ಹಿಡಿದು ಎತ್ತಿದರೂ ಅಲ್ಲೊಂದು ನೀರುಗುಳ್ಳೆ. ಆಸ್ಪತ್ರೆಯಲ್ಲಿ ಕೈಗೆ ಅಂಟಿಸಿದ್ದ ಪ್ಲಾಸ್ಟರ್ ತೆಗೆದಾಗ ಚರ್ಮವೂ ಕಿತ್ತು ಬಂತು. ಗುಳ್ಳೆ ಮಾಯ್ದ ಜಾಗದಲ್ಲಿ ಕಲೆ ಉಳಿದು, ಅದರ ಮೇಲೆ ಸಾಸಿವೆಯಷ್ಟು ಬಿಳಿಯ ಕಾಳುಗಳು ಏಳುತ್ತವೆ. ಕಾಲಿನ ಉಗುರುಗಳು ಬಿದ್ದಿವೆ, ಬಾಯಲ್ಲೂ ಆಗಾಗ ಹುಣ್ಣು. ಹಾಲು ಕುಡಿಯುತ್ತಾಳೆ, ಅಳು ಗಟ್ಟಿಯಾಗಿದೆ. ಒಬ್ಬ ವೈದ್ಯರು ‘ಇದು ಇಬಿ, ವಂಶವಾಹಿ ಕಾಯಿಲೆ, ಔಷಧವಿಲ್ಲ’ ಎಂದು ಕಳುಹಿಸಿದರು. ನಮ್ಮ ಮನೆತನದಲ್ಲಿ ಯಾರಿಗೂ ಇದಿಲ್ಲ. ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ಗ್ರಹಣದ ದಿನ ಬಸುರಿ ಹೊರಗೆ ಬಂದದ್ದಕ್ಕೆ ಹೀಗಾಯಿತು ಎಂದು ಕೆಲವರು, ನಾಗದೋಷ ಎಂದು ಇನ್ನು ಕೆಲವರು. ಇದು ವಾಸಿಯಾಗುತ್ತದೆಯೇ? ಅಮೆರಿಕದಲ್ಲಿ ಇದಕ್ಕೊಂದು ಮುಲಾಮು ಬಂದಿದೆಯಂತೆ, ನಿಜವೇ? ಮುಂದಿನ ಮಗುವಿಗೂ ಬರುತ್ತದೆಯೇ? ವರ್ಷ ತುಂಬುವುದರೊಳಗೆ ಜವಳ ತೆಗೆಸಿ ಕಿವಿ ಚುಚ್ಚಿಸಬೇಕು ಎಂದು ನಮ್ಮವ್ವ ಹಟ ಹಿಡಿದಿದ್ದಾಳೆ. ಮಾಡಿಸಬಹುದೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಗ್ರಹಣದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಏಕೆಂದರೆ ಆ ಮಾತು ಈಗ ನಿಮ್ಮ ಹೆಂಡತಿಯನ್ನು ಒಳಗೊಳಗೇ ತಿನ್ನುತ್ತಿರುತ್ತದೆ. ಈ ಕಾಯಿಲೆಯ ಕಾರಣ ಗರ್ಭ ನಿಂತ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಆಮೇಲೆ ತಾಯಿ ಏನು ತಿಂದಳು, ಎಲ್ಲಿಗೆ ಹೋದಳು, ಯಾವ ನೆರಳು ಬಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಂಟುರೋಗವೂ ಅಲ್ಲ. ಗುಳ್ಳೆಯ ನೀರು ತಾಗಿದರೆ ಯಾರಿಗೂ ಏನೂ ಆಗುವುದಿಲ್ಲ. ಇಷ್ಟನ್ನು ಮನೆಯ ಹಿರಿಯರ ಎದುರಿಗೆ, ಅವಳೂ ಇರುವಾಗ, ಗಟ್ಟಿಯಾಗಿ ಓದಿ ಹೇಳಿ. ಉಳಿದದ್ದನ್ನು ಆಮೇಲೆ ನೋಡೋಣ.

ನಿಮ್ಮ ವೈದ್ಯರು ಹೇಳಿದ್ದು ಸುಳ್ಳಲ್ಲ, ಅರ್ಧಕ್ಕೇ ನಿಂತಿದೆ. ಇಬಿ, ಅಂದರೆ ಎಪಿಡರ್ಮೊಲೈಸಿಸ್ ಬುಲೋಸಾ, ಒಂದು ಕಾಯಿಲೆಯ ಹೆಸರಲ್ಲ, ಒಂದು ಕುಲದ ಹೆಸರು. 1886ರಲ್ಲಿ ಹೈನ್ರಿಶ್ ಕೋಬ್ನರ್ ಎಂಬ ಜರ್ಮನ್ ಚರ್ಮವೈದ್ಯರು ಬಳಕೆಗೆ ತಂದ ಈ ಹೆಸರಿಗೆ ‘ಹೊರಚರ್ಮ ಕಳಚಿ ಬೊಕ್ಕೆ ಏಳುವುದು’ ಎಂದಷ್ಟೇ ಅರ್ಥ. ಈ ಕುಲದಲ್ಲಿ ಈಗ ಮೂವತ್ತಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ. ಬೇಸಿಗೆಯಲ್ಲಿ ಅಂಗಾಲಿನಲ್ಲಿ ಮಾತ್ರ ಗುಳ್ಳೆಯೆದ್ದು, ಬದುಕಿಡೀ ಹೊಲದ ಕೆಲಸ ಮಾಡಿಕೊಂಡಿರುವವರೂ ಇದರಲ್ಲಿದ್ದಾರೆ. ಮೊದಲ ಹುಟ್ಟುಹಬ್ಬವನ್ನು ಕಾಣದೆ ಹೋಗುವ ಕೂಸುಗಳೂ ಇವೆ. ಇಬ್ಬರಿಗೂ ಚೀಟಿಯಲ್ಲಿ ‘ಇಬಿ’ ಎಂದೇ ಬರೆದಿರುತ್ತದೆ. ಆದ್ದರಿಂದ ‘ವಾಸಿಯಾಗುತ್ತದೆಯೇ’ ಎಂಬುದಕ್ಕಿಂತ ಮೊದಲು ನೀವು ಕೇಳಬೇಕಾದದ್ದು ‘ಯಾವ ಇಬಿ’ ಎಂದು. ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಔಷಧದ ಮಾತೂ ಮುಂದಿನ ಮಗುವಿನ ಮಾತೂ ಬರಿಯ ಊಹೆಯಾಗುತ್ತವೆ.

ನಿಮ್ಮ ಸೀಮೆಯಲ್ಲಿ ಕೌದಿ ಹೊಲಿಯುವುದನ್ನು ನೋಡಿರುತ್ತೀರಿ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ಎರಡನ್ನೂ ಹಿಡಿದಿಡುವುದು ಒತ್ತೊತ್ತಾಗಿ ಹಾಕಿದ ಹೊಲಿಗೆ. ನಮ್ಮ ಚರ್ಮವೂ ಹಾಗೆಯೇ ಹೊರಚರ್ಮ, ಒಳಚರ್ಮ ಎಂಬ ಎರಡು ಪದರಗಳ ಕೌದಿ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಗಳಿವೆ. ಆ ಹೊಲಿಗೆಯ ನೂಲು ಪ್ರೋಟೀನಿನದು, ಒಂದೊಂದು ಪ್ರೋಟೀನು ತಯಾರಾಗುವುದೂ ಒಂದೊಂದು ವಂಶವಾಹಿಯ ಅಪ್ಪಣೆಯಂತೆ. ಅಪ್ಪಣೆಯಲ್ಲಿ ತಪ್ಪಿದ್ದರೆ ನೂಲು ಕುಂಬಾಗುತ್ತದೆ ಅಥವಾ ಇರುವುದೇ ಇಲ್ಲ. ಆಗ ಸ್ವಲ್ಪ ಉಜ್ಜಿದರೂ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ನೀವು ನೋಡುತ್ತಿರುವ ಗುಳ್ಳೆ ಅದೇ.

ಈಗ ಕೌದಿ ಎಲ್ಲಿ ಹರಿದಿದೆ ಎಂಬುದೇ ಮುಖ್ಯ. ಮೇಲಿನ ಬಟ್ಟೆಯ ಎಳೆಯೇ ಪಿಸಿದರೆ ಅದು ‘ಸಿಂಪ್ಲೆಕ್ಸ್’. ಅಲ್ಲಿ ಹೆಚ್ಚಾಗಿ ಕೆಡುವುದು ಕೆರಾಟಿನ್ 5 ಮತ್ತು 14 ಎಂಬ ಪ್ರೋಟೀನುಗಳು. ಇಬಿ ಇರುವವರಲ್ಲಿ ದೊಡ್ಡ ಪಾಲು ಇವರದೇ, ಗುಳ್ಳೆಗಳು ಸಾಮಾನ್ಯವಾಗಿ ಕಲೆಯಿಲ್ಲದೆ ಮಾಯುತ್ತವೆ. ಎರಡು ಬಟ್ಟೆಗಳು ಕೂಡುವ ಗೆರೆಯಲ್ಲೇ ಹೊಲಿಗೆ ಬಿಟ್ಟರೆ ಅದು ‘ಜಂಕ್ಷನಲ್’. ಅಲ್ಲಿ ಲ್ಯಾಮಿನಿನ್ 332, ಕೊಲಾಜೆನ್ 17 ಮುಂತಾದವುಗಳ ದೋಷ. ಇನ್ನು ಹೊಲಿಗೆ ಕೆಳಗಿನ ಬಟ್ಟೆಗೆ ಇಳಿದು ಗಂಟು ಹಾಕಿಕೊಳ್ಳಬೇಕಾದ ಕಡೆ ಗಂಟೇ ಬೀಳದಿದ್ದರೆ ಅದು ‘ಡಿಸ್ಟ್ರೋಫಿಕ್’. ಆ ಗಂಟು ಕೊಲಾಜೆನ್ 7 ಎಂಬ ಪ್ರೋಟೀನು. ಸೀಳು ಆಳದಲ್ಲಿ ಬೀಳುವುದರಿಂದ ಇಲ್ಲಿ ಗಾಯ ಮಾಯುವಾಗೆಲ್ಲ ಕಲೆ ಉಳಿಯುತ್ತದೆ, ಬಿಳಿ ಕಾಳು ಏಳುತ್ತದೆ, ಉಗುರು ಹಾಳಾಗುತ್ತದೆ. ನಾಲ್ಕನೆಯದಾಗಿ ಕಿಂಡ್ಲರ್ ಎಂಬ ಬಲು ಅಪರೂಪದ ಬಗೆಯಿದೆ, ಅದರಲ್ಲಿ ಸೀಳು ಯಾವ ಪದರದಲ್ಲಾದರೂ ಬೀಳಬಹುದು.

ನೀವು ಬರೆದ ಲಕ್ಷಣಗಳು ಡಿಸ್ಟ್ರೋಫಿಕ್ ಕಡೆಗೆ ಬೆರಳು ತೋರಿಸುತ್ತವೆ. ಅಳು ಗಟ್ಟಿಯಾಗಿದೆ ಎಂದದ್ದು ನನಗೆ ಸಮಾಧಾನ ತಂದಿತು. ಏಕೆಂದರೆ ಅತ್ಯಂತ ಕ್ರೂರವಾದ ಜಂಕ್ಷನಲ್ ಬಗೆಯಲ್ಲಿ ಗಂಟಲಿನೊಳಗೂ ಗುಳ್ಳೆಯೆದ್ದು ಕೂಸಿನ ದನಿ ಒಡೆದಿರುತ್ತದೆ, ಅಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ದಾಟುವುದಿಲ್ಲ. ಆದರೂ ಪತ್ರ ಓದಿ ನಾನು ತೀರ್ಪು ಕೊಡಲಾರೆ. ಮೊದಲ ವರ್ಷದಲ್ಲಿ ಎಲ್ಲ ಬಗೆಗಳೂ ಒಂದನ್ನೊಂದು ಹೋಲುತ್ತವೆ. ಬಿಳಿ ಕಾಳು, ಉಗುರು ಬೀಳುವುದು, ಹುಟ್ಟುವಾಗಲೇ ಚರ್ಮವಿಲ್ಲದಿರುವುದು ಬೇರೆ ಬಗೆಗಳಲ್ಲೂ ಕಾಣಬಹುದು. ಬರಿಗಣ್ಣಿನಲ್ಲಿ ನೋಡಿ ಬಗೆ ಹೇಳಿ ಆಮೇಲೆ ನಾಚಿಕೊಂಡ ವೈದ್ಯರಲ್ಲಿ ನಾನೂ ಒಬ್ಬ.

ಬಗೆ ತಿಳಿಯಲು ಎರಡು ದಾರಿಗಳಿವೆ. ಒಂದು, ಹೊಸದಾಗಿ ಎದ್ದ ಗುಳ್ಳೆಯ ಅಂಚಿನಿಂದ ಚರ್ಮದ ಸಣ್ಣ ಚೂರು ತೆಗೆದು, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳಿಂದ ಪರೀಕ್ಷಿಸುವುದು. ಇದನ್ನು ಇಮ್ಯುನೊಫ್ಲೋರೆಸೆನ್ಸ್ ಮ್ಯಾಪಿಂಗ್ ಎನ್ನುತ್ತಾರೆ. ಯಾವ ಪ್ರೋಟೀನು ಇಲ್ಲ, ಸೀಳು ಯಾವ ಪದರದಲ್ಲಿ ಎಂಬುದು ಇದರಲ್ಲಿ ಕಾಣುತ್ತದೆ. ಒಂದು ಎಚ್ಚರಿಕೆ: ಮಾಮೂಲಿ ಬಯಾಪ್ಸಿಯಂತೆ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ ಕಳುಹಿಸಿದರೆ ಈ ಪರೀಕ್ಷೆ ಮಾಡಲಾಗದು, ಅದಕ್ಕೆ ಬೇರೆ ದ್ರಾವಣ ಬೇಕು. ಹಳೆಯ ಗುಳ್ಳೆಯಿಂದ ತೆಗೆದರೂ ಉತ್ತರ ಕಲಸಿಹೋಗುತ್ತದೆ. ಕೂಸಿಗೆ ಎರಡು ಸಲ ನೋವು ಕೊಡುವ ಬದಲು ಇದನ್ನು ಮೊದಲೇ ಕೇಳಿಕೊಳ್ಳಿ. ಎರಡನೆಯದು ರಕ್ತದಿಂದ ಮಾಡುವ ವಂಶವಾಹಿ ಪರೀಕ್ಷೆ. ಉತ್ತರ ಬರಲು ಕೆಲವು ವಾರ ಹಿಡಿಯುತ್ತದೆ, ಆದರೆ ಕೊನೆಯ ಮಾತು ಅದರದೇ. ಮಗುವಿನ ಜೊತೆಗೆ ನಿಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಬೇಕು, ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಇವೆರಡೂ ಸೇರಿ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಾಗಿವೆ. ಆ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿಯವರೆಗೆ ನೆರವಿನ ಅವಕಾಶವಿದೆ. ಪಟ್ಟಿ ಆಗಾಗ ಬದಲಾಗುವುದರಿಂದ ನಿಮ್ಮ ಮಗಳ ಬಗೆ ಅದರಲ್ಲಿದೆಯೇ ಎಂದು ಅಲ್ಲೇ ಕೇಳಿ. ಡೆಬ್ರಾ ಎಂಬ ಸಂಘಟನೆಯ ಭಾರತದ ಶಾಖೆಯೂ ಇದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಫಿಲಿಸ್ ಹಿಲ್ಟನ್ ಎಂಬ ತಾಯಿ ಕಟ್ಟಿದ ಸಂಘಟನೆ ಅದು. ಅವರ ಮಗಳಿಗೂ ಇಬಿ ಇತ್ತು, ಸಂಘಟನೆಯ ಹೆಸರು ಆ ಮಗಳದೇ. ‘ಔಷಧವಿಲ್ಲ’ ಎಂಬ ಇದೇ ಮಾತನ್ನು ಕೇಳಿಸಿಕೊಂಡ ತಾಯಿ ಅವರು.

ಪರೀಕ್ಷೆಯ ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈ ಕಾಯಿಲೆಯಲ್ಲಿ ಚಿಕಿತ್ಸೆಯ ಮುಕ್ಕಾಲು ಪಾಲು ನಡೆಯುವುದು ಮನೆಯಲ್ಲೇ, ತಾಯಿ ತಂದೆಯ ಕೈಯಲ್ಲೇ. ‘ಔಷಧವಿಲ್ಲ’ ಎಂದು ಹೇಳಿ ಕಳುಹಿಸುವವರು ಮರೆಯುವುದು ಇದನ್ನೇ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎತ್ತುವುದರಿಂದ ಶುರುಮಾಡಿ. ಈ ಚರ್ಮ ನೇರವಾದ ಒತ್ತಡವನ್ನು ತಕ್ಕಮಟ್ಟಿಗೆ ತಾಳುತ್ತದೆ, ಉಜ್ಜುವಿಕೆಯನ್ನು ತಾಳುವುದಿಲ್ಲ. ಕಂಕುಳಲ್ಲಿ ಕೈಹಾಕಿ ಎಂದೂ ಎತ್ತಬೇಡಿ. ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಕತ್ತಿನ ಹಿಂದೆ, ಹಾಸಿದ ಮೆತ್ತನೆಯ ಬಟ್ಟೆಯ ಸಮೇತ ಎತ್ತಿ. ಕೈಯನ್ನು ಮೈಯಡಿ ಜಾರಿಸಿ ತೂರಿಸಬಾರದು, ಕೂಸನ್ನು ಮಗ್ಗುಲಿಗೆ ಹೊರಳಿಸಿ ಕೈಯಿಟ್ಟು ಮತ್ತೆ ಅದರ ಮೇಲೆ ಹೊರಳಿಸಿಕೊಳ್ಳಬೇಕು. ಬಟ್ಟೆಯನ್ನು ಒಳಗಿನದು ಹೊರಗೆ ಮಾಡಿ ಹಾಕಿ, ಹೊಲಿಗೆಯ ಏಣು ಮೈಗೆ ತಾಗುವುದಿಲ್ಲ. ಎಲಾಸ್ಟಿಕ್ ಬೇಡ. ಬಳೆ, ಕಾಲ್ಗೆಜ್ಜೆ, ದೃಷ್ಟಿಗೆಂದು ಕಾಲಿಗೆ ಕಟ್ಟುವ ಕಪ್ಪು ದಾರ, ಸೊಂಟದ ಉಡಿದಾರ ಎಲ್ಲವನ್ನೂ ಇಂದೇ ಬಿಚ್ಚಿ. ನಮ್ಮ ಕಡೆ ಕೂಸುಗಳಿಗೆ ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹೊಯ್ಯುವುದು ಅಜ್ಜಿಯರ ಹಕ್ಕು, ಪ್ರೀತಿಯೂ ಹೌದು. ಈ ಕೂಸಿಗೆ ಅದು ಆಗದು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಅಂದಾಜು ಒಂದೂವರೆ ಚಹಾ ಚಮಚ, ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ. ಬರಿನೀರು ಗಾಯಕ್ಕೆ ಉರಿಯುತ್ತದೆ, ಈ ಹದದ ಉಪ್ಪುನೀರು ಕಣ್ಣೀರಿನಷ್ಟೇ ಉಪ್ಪಾದ್ದರಿಂದ ಉರಿಯುವುದಿಲ್ಲ. ಒರೆಸುವಾಗ ತಿಕ್ಕದೆ ಬಟ್ಟೆಯಿಂದ ಒತ್ತಿ ನೀರು ಹೀರಿಸಿ. ಅಜ್ಜಿಗೆ ಬೇಸರವಾಗದಂತೆ ಅವರ ಕೈಗೇ ಚೊಂಬು ಕೊಟ್ಟು ಈ ಹೊಸ ಸ್ನಾನವನ್ನು ಕಲಿಸಿ.

ಗುಳ್ಳೆ ಒಡೆಯಬೇಕೋ ಬಿಡಬೇಕೋ ಎಂಬ ಗೊಂದಲ ಎಲ್ಲ ಮನೆಗಳಲ್ಲೂ ಇರುತ್ತದೆ. ಸುಟ್ಟ ಗುಳ್ಳೆಯನ್ನು ಒಡೆಯಬೇಡಿ ಎಂದು ಕೇಳಿ ಬೆಳೆದವರು ನಾವು. ಇಲ್ಲಿ ನಿಯಮ ಬೇರೆ. ಇಬಿಯ ಗುಳ್ಳೆಗೆ ಅಂಚಿನಲ್ಲಿ ತಡೆಯಿಲ್ಲ, ನೀರು ತುಂಬಿದಷ್ಟೂ ಬಿಟ್ಟುಕೊಂಡ ಹೊಲಿಗೆ ಪಕ್ಕಕ್ಕೆ ಸಾಗುತ್ತದೆ, ಸಂಜೆಯೊಳಗೆ ಕಡಲೆಯಷ್ಟಿದ್ದದ್ದು ಅಂಗೈಯಗಲ ಆಗಬಹುದು. ಆದ್ದರಿಂದ ಕಂಡ ಕೂಡಲೇ ಇಳಿಸಬೇಕು. ಕೈ ತೊಳೆದು, ಔಷಧದ ಅಂಗಡಿಯಲ್ಲಿ ಸಿಗುವ ಹೊಸ ಇಂಜೆಕ್ಷನ್ ಸೂಜಿಯನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಡಿದು, ಗುಳ್ಳೆಯ ತಗ್ಗಿನ ಭಾಗದಲ್ಲಿ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಹೊರತೆಗೆಯಿರಿ. ಶುಚಿಯಾದ ಗಾಜ್‌ನಿಂದ ಮೆಲ್ಲಗೆ ಒತ್ತಿ. ಮೇಲಿನ ಸಿಪ್ಪೆಯನ್ನು ಕತ್ತರಿಸಿ ತೆಗೆಯಬಾರದು, ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಇಲ್ಲ. ಮೊದಲ ಸಲ ಇದನ್ನು ನರ್ಸ್ ಅಥವಾ ವೈದ್ಯರ ಎದುರಿಗೇ ಮಾಡಿ ಕಲಿಯಿರಿ.

ಪಟ್ಟಿಯ ವಿಷಯದಲ್ಲಿ ಒಂದೇ ಕಟ್ಟಪ್ಪಣೆ: ಅಂಟುವ ಯಾವುದೂ ಮೈಗೆ ತಾಗಬಾರದು. ಪ್ಲಾಸ್ಟರ್, ಟೇಪ್, ಆಸ್ಪತ್ರೆಗಳಲ್ಲಿ ಎದೆಗೆ ಅಂಟಿಸುವ ಇಸಿಜಿಯ ಬಿಲ್ಲೆ ಯಾವುದೂ ಸಲ್ಲದು. ನಿಮ್ಮ ಮಗಳಿಗೆ ಆದದ್ದು ಇಂಥ ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ, ಗೊತ್ತಿಲ್ಲದೆ ಆಗುತ್ತದೆ. ಮುಂದೆ ಎಲ್ಲಿಗೇ ಹೋದರೂ ‘ಈ ಮಗುವಿಗೆ ಇಬಿ ಇದೆ, ಅಂಟುಪಟ್ಟಿ ಹಾಕಬಾರದು, ಚರ್ಮವನ್ನು ಉಜ್ಜಬಾರದು’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯೊಂದನ್ನು ಫೈಲಿನ ಮೇಲೆಯೇ ಇಟ್ಟುಕೊಳ್ಳಿ. ಅಕಸ್ಮಾತ್ ಅಂಟಿದ್ದರೆ ಎಳೆಯದೆ, ಪೆಟ್ರೋಲಿಯಂ ಜೆಲ್ಲಿ ಅಥವಾ ಎಣ್ಣೆಯಲ್ಲಿ ನೆನೆಸಿ ತಾನಾಗಿ ಬಿಡುವಂತೆ ಮಾಡಬೇಕು. ಗಾಯಕ್ಕೆ ನೇರವಾಗಿ ತಾಗುವ ಪದರವಾಗಿ ಸಿಲಿಕೋನ್ ಜಾಲರಿಯ ಪಟ್ಟಿ ಶ್ರೇಷ್ಠ, ಆದರೆ ದುಬಾರಿ. ಕೈಗೆಟುಕದಿದ್ದರೆ ಔಷಧದ ಅಂಗಡಿಯ ಪ್ಯಾರಾಫಿನ್ ಗಾಜ್ ಆದೀತು, ಒಣಗಲು ಬಿಡಬಾರದು ಅಷ್ಟೇ. ಅದರ ಮೇಲೆ ಮೆತ್ತನೆಯ ಗಾಜ್, ಅದರ ಮೇಲೆ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಪಂಚೆಯ ಪಟ್ಟಿಯನ್ನು ಸುತ್ತಿ ಗಂಟು ಹಾಕಿ. ಕೈಕಾಲಿನ ಪ್ರತಿ ಬೆರಳಿಗೂ ಬೇರೆ ಬೇರೆ ಸುತ್ತು ಬೇಕು. ಡಿಸ್ಟ್ರೋಫಿಕ್ ಬಗೆಯಲ್ಲಿ ಪಕ್ಕಪಕ್ಕದ ಗಾಯಗಳು ಮಾಯುತ್ತ ಮಾಯುತ್ತ ಬೆರಳುಗಳು ಒಂದಕ್ಕೊಂದು ಕೂಡಿ ಮುಷ್ಟಿಯಂತಾಗುವ ಅಪಾಯವಿದೆ. ಈಗಿನಿಂದ ಬೆರಳು ಬಿಡಿಸಿ ಸುತ್ತಿದರೆ ಅದು ನಿಧಾನವಾಗುತ್ತದೆ. ಮೈಯೆಲ್ಲ ಒಂದೇ ಸಲ ಬಿಚ್ಚದೆ ಒಂದೊಂದೇ ಕೈಕಾಲನ್ನು ಬಿಚ್ಚಿ, ಕಟ್ಟಿ ಮುಗಿಸಿ. ವೈದ್ಯರು ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ನೋವಿನ ಔಷಧವನ್ನು ಅರ್ಧ ಗಂಟೆ ಮೊದಲೇ ಕೊಡಿ. ನೋವು ತಿಂದು ತಿಂದು ಅಭ್ಯಾಸವಾಗುತ್ತದೆ ಎಂಬುದು ಸುಳ್ಳು, ಭಯವೊಂದೇ ಅಭ್ಯಾಸವಾಗುವುದು.

ನಮ್ಮ ನಾಡಿನ ಚರ್ಮರೋಗದ ವಾರ್ಡುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಉಪಾಯವಿದೆ: ಬಾಳೆ ಎಲೆ. ಮೈತುಂಬ ಚರ್ಮ ಸುಲಿದವರನ್ನು ಎಳೆಯ ಬಾಳೆ ಎಲೆಯ ಮೇಲೆ ಮಲಗಿಸುತ್ತೇವೆ. ಅದು ನುಣುಪು, ತಂಪು, ಹಸಿಗಾಯಕ್ಕೆ ಅಂಟುವುದಿಲ್ಲ. ಬೆನ್ನು, ಕುಂಡೆಯ ಗಾಯ ಹೆಚ್ಚಿರುವ ದಿನಗಳಲ್ಲಿ, ನಡುದಂಟು ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದ ಎಲೆಯನ್ನು ಹಾಸಿಗೆಯ ಮೇಲೆ ಹಾಸಬಹುದು. ಪಟ್ಟಿಗೆ ಅದು ಬದಲಿಯಲ್ಲ, ಹಾಸಿಗೆಗೆ ಬದಲಿ.

ಇನ್ನು ಹಚ್ಚಬಾರದ್ದು. ನಾಗದೋಷಕ್ಕೆ ಪೂಜೆ ಮಾಡಿಸುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ಅದರಲ್ಲಿ ನಾನು ಮೂಗು ತೂರಿಸುವುದಿಲ್ಲ. ಆದರೆ ಪ್ರಸಾದವೆಂದು ಕೊಡುವ ಹುತ್ತದ ಮಣ್ಣನ್ನು ಗಾಯಕ್ಕೆ ಹಚ್ಚಬೇಡಿ, ಹಣೆಗಿಟ್ಟು ಒರೆಸಿಬಿಡಿ. ತೆರೆದ ಗಾಯಕ್ಕೆ ಮಣ್ಣು ತಾಗಿದರೆ ಧನುರ್ವಾಯುವಿನಂಥ ಸೋಂಕಿಗೆ ಬಾಗಿಲು ತೆರೆದಂತೆ. ಬೂದಿ, ಸುಣ್ಣ, ಸೊಪ್ಪಿನ ರಸಕ್ಕೂ ಇದೇ ಮಾತು. ಇಂಗ್ಲಿಷ್ ಔಷಧಗಳಲ್ಲೂ ಎಚ್ಚರ ಬೇಕು: ಬೆಳ್ಳಿಯ ಅಂಶವಿರುವ ಸುಟ್ಟಗಾಯದ ಕ್ರೀಮನ್ನು ಕೂಸಿನ ಮೈತುಂಬ ತಿಂಗಳುಗಟ್ಟಲೆ ಬಳಿಯುವಂತಿಲ್ಲ, ಅದು ರಕ್ತಕ್ಕೆ ಸೇರುತ್ತದೆ. ಆಂಟಿಬಯೋಟಿಕ್ ಮುಲಾಮನ್ನು ಸೋಂಕಿದ್ದಾಗ ಮಾತ್ರ, ಕೆಲವೇ ದಿನ ಹಚ್ಚಬೇಕು. ಜ್ವರ, ಗಾಯದಿಂದ ಕೀವು ಅಥವಾ ದುರ್ವಾಸನೆ, ಸುತ್ತಲಿನ ಕೆಂಪು ಹರಡುವುದು, ಹಾಲು ಬಿಡುವುದು, ಉಸಿರಾಡುವಾಗ ಗೊರಗೊರ ಸದ್ದು, ಕೆಂಪಗಾಗಿ ತೆರೆಯಲಾಗದ ಕಣ್ಣು — ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಲಸಿಕೆಗಳನ್ನು ಮಾತ್ರ ಒಂದನ್ನೂ ತಪ್ಪಿಸಬೇಡಿ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಮೇಲೆ ಪಟ್ಟಿ ಅಂಟಿಸಬಾರದು ಎಂದು ನರ್ಸಮ್ಮನಿಗೆ ಮೊದಲೇ ಹೇಳಿದರಾಯಿತು.

ಊಟವೂ ಔಷಧವೇ. ಮೈಮೇಲಿನ ಗಾಯಗಳಿಂದ ದಿನವೂ ಪ್ರೋಟೀನು, ರಕ್ತ, ನೀರು ಸೋರುತ್ತಿರುತ್ತವೆ, ಆದ್ದರಿಂದ ಇಂಥ ಮಗುವಿಗೆ ಓರಗೆಯ ಮಕ್ಕಳಿಗಿಂತ ಹೆಚ್ಚು ಆಹಾರ ಬೇಕು. ಬಾಯಿಯ ಹುಣ್ಣಿನಿಂದ ತಿನ್ನುವುದೋ ಕಡಿಮೆ. ತಾಯಿಹಾಲು ಮುಂದುವರಿಯಲಿ, ತುಟಿಗೂ ಮೊಲೆತೊಟ್ಟಿಗೂ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಚರ್ಮ ಕೀಳುವುದಿಲ್ಲ. ರಾಗಿ ಸರಿ, ತುಪ್ಪ ಹಾಕಿ ನುಣ್ಣಗೆ ಹಿಸುಕಿದ ಅನ್ನ ಬೇಳೆ, ಬಾಳೆಹಣ್ಣು ಕೊಡಬಹುದು, ಎಲ್ಲವೂ ಆರಿದ ಮೇಲೆ. ಮುಂದೆ ಹಲ್ಲು ಬಂದಾಗ ಖಡಕ್ ರೊಟ್ಟಿ, ಚಕ್ಕುಲಿ, ನಿಪ್ಪಟ್ಟಿನ ಚೂಪು ಅಂಚು ಅನ್ನನಾಳವನ್ನು ಸೀಳಬಹುದು. ಅಲ್ಲಿ ಮತ್ತೆ ಮತ್ತೆ ಗಾಯವಾಗಿ ಮಾಯ್ದರೆ ನಾಳವೇ ಕಿರಿದಾಗುತ್ತದೆ, ಆಗ ಬಲೂನು ತೂರಿಸಿ ಹಿಗ್ಗಿಸಬೇಕಾಗುತ್ತದೆ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ನೋಡಿ ಬರೆದಿಡಿ, ರಕ್ತಹೀನತೆ ಇದೆಯೇ ಎಂದು ಆಗಾಗ ಪರೀಕ್ಷೆ ಮಾಡಿಸಿ.

ಅಮೆರಿಕದ ಮುಲಾಮಿನ ಸುದ್ದಿ ನಿಜ. 2023ರ ಮೇ ತಿಂಗಳಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ‘ವೈಜುವೆಕ್’ ಎಂಬ ಜೆಲ್‌ಗೆ ಒಪ್ಪಿಗೆ ಕೊಟ್ಟಿತು, ಡಿಸ್ಟ್ರೋಫಿಕ್ ಬಗೆಗೆ ಮಾತ್ರ. ಇದರ ಕೆಲಸ ಸೊಗಸಾಗಿದೆ. ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಇದೆಯಲ್ಲ, ಅದು ಬೆಳೆದು ಹರಡದಂತೆ ಮಾರ್ಪಡಿಸಿ, ಕೊಲಾಜೆನ್ 7ರ ಸರಿಯಾದ ವಂಶವಾಹಿಯನ್ನು ಅದರ ಬೆನ್ನಿಗೆ ಹೇರಿದ್ದಾರೆ. ಆ ವಂಶವಾಹಿ ಬಲು ಉದ್ದದ್ದು, ಸಣ್ಣ ವೈರಸ್‌ಗಳಿಗೆ ಹೊರಲಾಗದು. ವಾರಕ್ಕೊಮ್ಮೆ ಗಾಯದ ಮೇಲೆ ತೊಟ್ಟು ತೊಟ್ಟಾಗಿ ಹಾಕಿದರೆ ಅಲ್ಲಿನ ಜೀವಕೋಶಗಳು ತಾವೇ ಕಾಣೆಯಾದ ನೂಲನ್ನು ನೇಯತೊಡಗುತ್ತವೆ. 31 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಆರು ತಿಂಗಳಾದಾಗ ಜೆಲ್ ಹಾಕಿದ ಗಾಯಗಳಲ್ಲಿ ಶೇ 67ರಷ್ಟು ಪೂರ್ತಿ ಮಾಯ್ದಿದ್ದವು, ಔಷಧವಿಲ್ಲದ ಬರಿಯ ಜೆಲ್ ಹಾಕಿದವುಗಳಲ್ಲಿ ಶೇ 22ರಷ್ಟು. ಆದರೆ ಕೋಶಗಳು ಉದುರಿ ಹೊಸವು ಬರುವುದರಿಂದ ಮತ್ತೆ ಮತ್ತೆ ಹಾಕುತ್ತಿರಬೇಕು, ಹಾಕಿದ ಜಾಗಕ್ಕಷ್ಟೇ ಗುಣ, ಅನ್ನನಾಳಕ್ಕೆ ಅದು ತಲುಪುವುದಿಲ್ಲ. ಬೆಲೆ ನಮ್ಮಂಥವರ ಮಾತಿರಲಿ, ಅಲ್ಲಿನವರಿಗೂ ವಿಮೆಯಿಲ್ಲದೆ ಎಟುಕದು.

ಇನ್ನೊಂದು ‘ಫಿಲ್ಸುವೆಜ್’, ಭೂರ್ಜ ಮರದ ತೊಗಟೆಯ ಸಾರದಿಂದ ಮಾಡಿದ ಜೆಲ್. ಹಿಂದೆ ನಮ್ಮವರು ಓಲೆಯಂತೆ ಬರೆಯಲು ಬಳಸುತ್ತಿದ್ದ ಭೂರ್ಜಪತ್ರದ ಬಳಗದ್ದೇ ಮರ. ಯುರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆಯಿತು. 45 ದಿನಗಳಲ್ಲಿ ಗಾಯ ಮುಚ್ಚಿದ್ದು ಶೇ 41, ಹೋಲಿಕೆಯ ಗುಂಪಿನಲ್ಲಿ ಶೇ 29. ಲಾಭ ಸಣ್ಣದು, ಆದರೆ ಸುಳ್ಳಲ್ಲ. 2025ರ ಏಪ್ರಿಲ್‌ನಲ್ಲಿ ಮೂರನೆಯದೊಂದು ಬಂತು: ರೋಗಿಯದೇ ಚರ್ಮದ ಕೋಶಗಳನ್ನು ತೆಗೆದು, ವಂಶವಾಹಿ ತಿದ್ದಿ, ಹಾಳೆಯಂತೆ ಬೆಳೆಸಿ ಗಾಯಕ್ಕೆ ಕಸಿ ಮಾಡುವುದು. ಈ ದಾರಿಯ ಬಲವನ್ನು ಜಗತ್ತಿಗೆ ತೋರಿಸಿದ್ದು 2015ರಲ್ಲಿ ಜರ್ಮನಿಯ ಬೋಹುಮ್‌ನಲ್ಲಿ ನಡೆದ ಚಿಕಿತ್ಸೆ. ಸಿರಿಯಾದಿಂದ ಬಂದ ಏಳು ವರ್ಷದ ಹುಡುಗ, ಜಂಕ್ಷನಲ್ ಬಗೆ, ಮೈಯ ಹೊರಚರ್ಮದ ಬಹುಪಾಲು ಹೋಗಿ ಸಾಯುವ ಸ್ಥಿತಿ. ಇಟಲಿಯ ಮೊದೆನಾದಲ್ಲಿ ಮಿಕೇಲೆ ದೆ ಲೂಕಾ ಅವರ ತಂಡ ಬೆಳೆಸಿಕೊಟ್ಟ ಚರ್ಮದಿಂದ ಅವನ ಮೈಯ ಸುಮಾರು ಶೇ 80ರಷ್ಟು ಹೊದಿಸಿದರು. ಹುಡುಗ ಶಾಲೆಗೆ ಹೋದ, ಚೆಂಡಾಡಿದ.

ಇದನ್ನೆಲ್ಲ ಬರೆಯುವಾಗ ಒಂದು ಅಳುಕೂ ಇದೆ. ಇಂಥ ಸುದ್ದಿಯ ಬೆನ್ನಿಗೇ ‘ಸ್ಟೆಮ್ ಸೆಲ್ ಹಾಕಿ ಪೂರ್ತಿ ವಾಸಿ ಮಾಡುತ್ತೇವೆ’ ಎಂದು ಹೊಲ ಮಾರಿಸುವವರು ಬರುತ್ತಾರೆ. ಮಗುವಿಗೆ ಯಾವ ವಂಶವಾಹಿಯ ದೋಷ ಎಂದು ಕೇಳದೆ ಚಿಕಿತ್ಸೆ ಹೇಳುವವರ ಬಳಿ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಿಜವಾದ ವೈದ್ಯಕೀಯ ಪ್ರಯೋಗಗಳು ಸೇರಿಸಿಕೊಳ್ಳಲು ಹಣ ಕೇಳುವುದಿಲ್ಲ, ವಂಶವಾಹಿಯ ವರದಿ ಕೇಳುತ್ತವೆ. ಯಾವ ಇಬಿ ಎಂದು ಈಗಲೇ ತಿಳಿದಿರಬೇಕು ಎನ್ನಲು ಇದೂ ಒಂದು ಕಾರಣ.

‘ಮನೆತನದಲ್ಲಿ ಯಾರಿಗೂ ಇಲ್ಲ’ ಎಂದಿರಿ. ಇರಬೇಕಾಗಿಯೂ ಇಲ್ಲ. ಪ್ರತಿ ವಂಶವಾಹಿಯೂ ನಮ್ಮಲ್ಲಿ ಜೋಡಿಯಾಗಿರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಡಿಸ್ಟ್ರೋಫಿಕ್‌ನ ತೀವ್ರ ಬಗೆಯಲ್ಲಿ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದು ಕೆಟ್ಟು ಒಂದು ಸರಿಯಿದ್ದವರು ನಿಮ್ಮ ಹಾಗೆ ಆರೋಗ್ಯವಾಗಿರುತ್ತಾರೆ, ತಮ್ಮಲ್ಲಿ ಅದಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಇಂಥ ಕೆಟ್ಟ ಪ್ರತಿಗಳು ನನ್ನಲ್ಲೂ ಇವೆ, ಇದನ್ನು ಓದುವ ಎಲ್ಲರಲ್ಲೂ ಬೇರೆ ಬೇರೆ ಕಾಯಿಲೆಗಳವು ಕೆಲವಿವೆ. ರಕ್ತಸಂಬಂಧವಿಲ್ಲದವರು ಮದುವೆಯಾದಾಗ ಒಂದೇ ಕಾಯಿಲೆಯ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ತೀರ ಕಡಿಮೆ. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಸರಾಸರಿ ಕಾಲುಭಾಗ ವಂಶವಾಹಿಗಳು ಒಂದೇ ಅಜ್ಜ ಅಜ್ಜಿಯಿಂದ ಬಂದವು, ಅತ್ತೆ ಮಾವಂದಿರ ಮಕ್ಕಳಲ್ಲಿ ಎಂಟನೆಯ ಒಂದು ಭಾಗ. ಹಾಗಾಗಿ ನಿಮ್ಮ ತಂದೆ ತಾಯಿಯಲ್ಲಿ ಒಬ್ಬರಲ್ಲಿದ್ದ ಒಂದೇ ಕೆಟ್ಟ ಪ್ರತಿ ನಿಮ್ಮ ಮೂಲಕ ಒಂದು ದಾರಿಯಲ್ಲೂ, ನಿಮ್ಮ ಅಕ್ಕ ಮತ್ತು ಅವರ ಮಗಳ ಮೂಲಕ ಇನ್ನೊಂದು ದಾರಿಯಲ್ಲೂ ಬಂದು ಈ ಕೂಸಿನಲ್ಲಿ ಕೂಡಿರುವ ಸಾಧ್ಯತೆ ಹೆಚ್ಚು. ಇದು ಯಾರ ತಪ್ಪೂ ಅಲ್ಲ. ಹೊಲ ಮನೆ ಒಡೆಯಬಾರದು, ಹೆಣ್ಣು ಕಣ್ಣೆದುರಿಗಿರಲಿ ಎಂದು ತಲೆತಲಾಂತರದಿಂದ ನಡೆದುಬಂದ ಸಂಬಂಧ. ಆದರೆ ನಿಮ್ಮ ಮನೆಯಲ್ಲಿ ಇನ್ನೊಂದು ಜೋಡಿಗೆ ಇದೇ ಮಾತುಕತೆ ನಡೆಯುತ್ತಿದ್ದರೆ, ಈ ಪತ್ರಿಕೆಯ ಪುಟವನ್ನು ಅವರಿಗೂ ತೋರಿಸಿ.

ಹೀಗೇ ಆಗಿದೆ ಎಂದು ಖಚಿತವೇ? ಇಲ್ಲ. ಡಿಸ್ಟ್ರೋಫಿಕ್‌ನಲ್ಲೇ ಒಂದು ಪ್ರತಿ ಕೆಟ್ಟರೂ ಸಾಕಾಗುವ, ಸಾಮಾನ್ಯವಾಗಿ ಸೌಮ್ಯವಾದ ಬಗೆಯೊಂದಿದೆ. ಅದು ತಂದೆತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿಕೊಳ್ಳಬಹುದು. ನಿಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಬೇಕು ಎಂದದ್ದು ಅದಕ್ಕೇ. ನಿಮ್ಮಿಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಸಿಕ್ಕಿದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲಿನಷ್ಟು ಅಪಾಯ. ಹೊಸದಾಗಿ ಹುಟ್ಟಿಕೊಂಡದ್ದಾದರೆ ಅಪಾಯ ಬಲು ಕಡಿಮೆ. ನಾಲ್ಕರಲ್ಲಿ ಒಂದು ಎಂದರೆ ‘ಒಂದು ಆಯಿತು, ಇನ್ನು ಮೂರು ಸುರಕ್ಷಿತ’ ಎಂದು ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಹಾಗಲ್ಲ. ಪ್ರತಿ ಸಲವೂ ಕವಡೆ ಹೊಸದಾಗಿ ಬೀಳುತ್ತದೆ. ದೋಷ ಇಂಥದೇ ಎಂದು ಮೊದಲೇ ಗೊತ್ತಿದ್ದರೆ, ಮುಂದಿನ ಬಸುರಿನ 11ರಿಂದ 13ನೆಯ ವಾರದಲ್ಲಿ ಮಾಸಿನ (ಪ್ಲಾಸೆಂಟಾ) ಸಣ್ಣ ಎಳೆಯನ್ನು ತೆಗೆದು, ಅಥವಾ 16ನೆಯ ವಾರದ ಸುಮಾರಿಗೆ ಗರ್ಭದ ನೀರನ್ನು ತೆಗೆದು ಮಗುವಿಗೆ ಇದೆಯೇ ಎಂದು ನೋಡಬಹುದು. ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ, ‘ಸ್ಕ್ಯಾನ್ ಸರಿಯಿತ್ತಲ್ಲ’ ಎಂದು ಯಾರನ್ನೂ ದೂರಬೇಡಿ. ಆದ್ದರಿಂದ ಬಸುರಿಯಾದ ಮೇಲೆ ಓಡಿಬರುವ ಬದಲು ಅದಕ್ಕೂ ಮೊದಲೇ ವಂಶವಾಹಿ ಸಲಹೆಗಾರರನ್ನು ಕಾಣಿ.

ವಾಸಿಯಾಗುತ್ತದೆಯೇ ಎಂದು ಕೇಳಿದ್ದಿರಿ. ಬುಡದಿಂದ ತೆಗೆಯುವ ಔಷಧ ಇಂದಿಗೆ ಇಲ್ಲ. ತೀವ್ರ ಬಗೆಯೇ ಆದರೆ ಮುಂದೆ ಕೈಬೆರಳು, ಹಲ್ಲು, ಕಣ್ಣು, ಅನ್ನನಾಳಗಳನ್ನು ನೋಡುವ ಬೇರೆ ಬೇರೆ ವೈದ್ಯರು ಬೇಕಾಗುತ್ತಾರೆ. ಹತ್ತು ವರ್ಷ ದಾಟಿದ ಮೇಲೆ, ಮಾಯದೆ ಉಳಿದ ಹಳೆಯ ಗಾಯಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುತ್ತಿಲ್ಲವೇ ಎಂದು ಮೂರು ಆರು ತಿಂಗಳಿಗೊಮ್ಮೆ ನೋಡಿಸಬೇಕು. ಇದನ್ನು ಈಗಲೇ ಹೇಳಿ ಹೆದರಿಸಬಾರದಿತ್ತೇನೋ, ಆದರೆ ಆಮೇಲೆ ಯಾರೂ ಹೇಳಲಿಲ್ಲ ಎಂದು ಅಳುವ ತಂದೆತಾಯಿಯನ್ನು ಕಂಡಿದ್ದೇನೆ. ಸೌಮ್ಯ ಬಗೆಯಾದರೆ ಇದ್ಯಾವುದೂ ಬರದೆಯೂ ಇರಬಹುದು. ಪಶ್ಚಿಮದಲ್ಲಿ ಈ ಮಕ್ಕಳನ್ನು ಚಿಟ್ಟೆಯ ರೆಕ್ಕೆಗೆ ಹೋಲಿಸಿ ಕರೆಯುತ್ತಾರೆ. ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ನಾನು ಕಂಡ ಇಬಿ ಮಕ್ಕಳು ಬಲು ಗಟ್ಟಿಗರು, ಪಟ್ಟಿ ಕಟ್ಟುವ ನರ್ಸಿಗೆ ‘ಅಲ್ಲಿ ಬೇಡ, ಇಲ್ಲಿಂದ ಸುತ್ತು’ ಎಂದು ಐದನೆಯ ವಯಸ್ಸಿಗೇ ಹುಕುಂ ಮಾಡುವವರು. ಬುದ್ಧಿಗೆ ಈ ಕಾಯಿಲೆಯಿಂದ ಯಾವ ಕುಂದೂ ಇಲ್ಲ. ಶಾಲೆಯ ಮಾತು ಈಗಲೇ ಯೋಚಿಸಿಡಿ.

ಕೊನೆಗೆ ನಿಮ್ಮವ್ವನ ಪ್ರಶ್ನೆ. ಜವಳ ತೆಗೆಸಬಹುದು, ಆದರೆ ಕತ್ತಿ ಆಡಿಸುವಂತಿಲ್ಲ. ತಲೆಯ ಚರ್ಮವೂ ಇದೇ ಚರ್ಮ, ಬೋಳಿಸಿದರೆ ಕಿತ್ತುಬರುತ್ತದೆ. ದುಂಡು ತುದಿಯ ಕತ್ತರಿಯಿಂದ, ತಲೆಗೆ ತಾಗದಂತೆ, ನಾಲ್ಕೆಳೆ ಕೂದಲು ಕತ್ತರಿಸಿ ದೇವರಿಗೆ ಒಪ್ಪಿಸಿ. ಕೂಸು ಮಲಗಿರುವಾಗ ಮಾಡಿದರೆ ಇನ್ನೂ ಒಳ್ಳೆಯದು. ಕಿವಿ ಚುಚ್ಚಿಸುವುದು ಬೇಡ, ಯಾವ ಇಬಿ ಎಂದು ತಿಳಿಯುವವರೆಗಂತೂ ಬೇಡವೇ ಬೇಡ. ಉಡಿದಾರವಿಲ್ಲದೆ ಮನಸ್ಸು ಒಪ್ಪದು ಎಂದರೆ, ಮೆತ್ತನೆಯ ಹತ್ತಿಯ ನೂಲನ್ನು ಅಂಗಿಯ ಮೇಲಿಂದ, ಎರಡು ಬೆರಳು ಆಡುವಷ್ಟು ಸಡಿಲವಾಗಿ ಕಟ್ಟಲಿ, ರಾತ್ರಿ ಮಲಗಿಸುವಾಗ ಬಿಚ್ಚಿಡಲಿ.